ರೆಪ್ಪೆ ಬಡಿಯುವ ಮೊದಲು

ಆ ದಿನ ಬೆಳಿಗ್ಗೆ ಬೆಂಗಳೂರಿನ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಮಾಘ ಕಳೆಯುತ್ತ ಬಂದಿದ್ದರೂ ಚಳಿಗೆ ಹೊರಡುವ ಮನಸ್ಸಿರಲಿಲ್ಲ. ಮೂಡಲಪಾಳ್ಯದ ಎರಡನೇ ಮಹಡಿಯ ಮನೆಯ ಕಿಟಕಿಯಿಂದ ನೋಡಿದರೆ ಎದುರಿನ ನೀರಿನ ಟ್ಯಾಂಕೂ ಇಲ್ಲ, ಅದರಾಚೆಯ ಮೆಟ್ರೊ ಕಂಬವೂ ಇಲ್ಲ; ರೈಲು ಹೋದ ಸದ್ದು ಮಾತ್ರ ಇತ್ತು. ಶಿವ ತಾನು ಬರೆದ ಲೋಕವನ್ನು ಒರೆಸಿ ಮತ್ತೊಮ್ಮೆ ಬರೆಯಲು ಕೂತವನಂತೆ ಎಲ್ಲವೂ ಬೆಳ್ಳಗಿತ್ತು.

ಗುರುಮಲ್ಲಪ್ಪ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ. ಸಿನಿಮಾ ಎಡಿಟಿಂಗ್ ಅವನ ಕಸುಬು. ಗಾಂಧಿನಗರದ ಹಿಂದಿನ ಒಂದು ಸ್ಟುಡಿಯೋದಲ್ಲಿ ಅವನ ತಲೆ ನರೆತಿತ್ತು. ಒಳಗೆ ಕುರ್ಚಿಯಲ್ಲಿ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹೆಂಡತಿ ದಾಕ್ಷಾಯಿಣಿ ತಲೆಯೆತ್ತಿದಳು.

"ರೀ... ಇವ... ಇವತ್ತು..."

"ಬೇಗ ಬತ್ತೀನಿ. ಸಂಜೆ ಒಳಗೆ ಇರ್ತೀನಿ ಬುಡು."

ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಮೆಟ್ಟಿಲ ತನಕ ನೀಲಮ್ಮ ಹಿಂದೆಯೇ ಬಂದಳು. ದಾಕ್ಷಾಯಿಣಿಯ ಅಕ್ಕ, ತಂಗಿಗೆ ಹೀಗಾದ ಮೇಲೆ ಕೊಳ್ಳೇಗಾಲದ ಕಡೆಯಿಂದ ಬಂದು ಜೊತೆಗೆ ನಿಂತವಳು.

"ಅವಳು ಕೇಳಕ್ಕೆ ಹೊಂಟಿದ್ದು ಅದನ್ನೇಯಾ?" ಎಂದಳು.

"ತಲೆ ಆಡ್ಸಿದ್ಲಲ್ಲ ಅಕ್ಕ."

"ತಲೆ ಆಡ್ಸದೆ ಇನ್ನೇನ್ ಮಾಡಾಳು. ನನ್ ತವು ಮಾತಾಡ್ತಾಳೆ ಕನಪ್ಪ, ಸೊಪ್ಪು ಬಿಡಿಸ್ಕಂಡು ಕೂತಾಗ. ಒಂದೊಂದೇ, ನಿಧಾನಕ್ಕೆ. ನೀನು ಒಳಕ್ ಬಂದ್ರೆ ಬಾಯಿ ಕಟ್ತದೆ ಅವಳ್ಗೆ."

"ಏನೋ ಸಂಕೋಚ ಇರ್ಬೋದು."

"ಮಗಳ್ನ ಮದ್ವೆ ಮಾಡಿ ಕಳ್ಸಿ, ಮೊಮ್ಮಗೀನ ಕಂಡಾದ್ಮೇಲೆ ಗಂಡನ ಕಂಡ್ರೆ ಸಂಕೋಚವಾ? ಹೋಗು ಹೋಗು, ಹೊತ್ತಾಯ್ತು ನಿಂಗೆ."

ಗುರುಮಲ್ಲಪ್ಪ ನಗುತ್ತಲೇ ಮೆಟ್ಟಿಲಿಳಿದ. ಕೆಳಗೆ ಬಂದು ಮಂಜಿನೊಳಗೆ ನಡೆಯುವಾಗ ನಗು ತುಟಿಯ ಮೇಲೆ ಉಳಿಯಲಿಲ್ಲ.

ಹೋದ ಬೇಸಿಗೆಯಲ್ಲಿ, ಒಗೆದ ಬಟ್ಟೆ ಹರವುತ್ತಿದ್ದ ದಾಕ್ಷಾಯಿಣಿ ತಾರಸಿಯ ಮೇಲೆ ಕುಸಿದಿದ್ದಳು. ಪಾರ್ಶ್ವವಾಯು. ಕಾಲು ಬಂತು, ಕೈ ಅರ್ಧ ಬಂತು, ಮಾತು ಮಾತ್ರ ಒಳಗೇ ಉಳಿಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಗುರುಮಲ್ಲಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಪದಗಳೆಲ್ಲ ಒಳಗೇ ಇವೆ ಸರ್, ಬರೋ ದಾರಿ ಕೆಟ್ಟಿದೆ. ಅವರೇ ನಡೆದು ನಡೆದು ದಾರಿ ಮಾಡ್ಕೋಬೇಕು. ನೀವು ಪದ ತಂದು ಕೊಟ್ರೆ ಆ ದಾರೀಲಿ ಮುಳ್ಳು ಬೆಳೆಯತ್ತೆ. ಮೊದಲನೇ ವರ್ಷದಲ್ಲಿ ಬಂದಷ್ಟು ಬಂತು, ಆಮೇಲೆ ಕಷ್ಟ. ನಿಮ್ಮ ಕೆಲಸ ಒಂದೇ, ಕಾಯೋದು."

ಆಗ ಅವನಿಗೆ ಧೈರ್ಯವೇ ಬಂದಿತ್ತು. ಕಾಯುವುದರಲ್ಲಿ ತನ್ನನ್ನು ಮೀರಿಸುವವರು ಯಾರು? ಎಡಿಟರ್ ಎಂದರೆ ಕತ್ತರಿಸುವವನೆಂದು ಲೋಕ ತಿಳಿದಿದೆ. ಆದರೆ ಅವನ ದಿನದ ಬಹುಪಾಲು ಹೋಗುವುದು ಒಂದು ಮುಖವನ್ನು ನೋಡುತ್ತ, ಅದರೊಳಗಿನ ಮಾತು ಮುಗಿಯಲಿ ಎಂದು ಸುಮ್ಮನೆ ಕೂರುವುದರಲ್ಲಿ. ಜಪಕ್ಕೆ ಕೂತವರೂ ಅಷ್ಟು ಅಲುಗದೆ ಕೂರಲಾರರು. ಮಳೆಗಾಲ ಮುಗಿಯುವ ಹೊತ್ತಿಗೆ ದಾಕ್ಷಾಯಿಣಿ "ಉಪ್ಪು ಕಡಿಮೆ", "ಮಗು ಫೋನ್ ಮಾಡ್ತಾ" ಎನ್ನುವಷ್ಟು ಮಾತಾಡುತ್ತಿದ್ದಳು. ಅದೆಲ್ಲ ದೀಪಾವಳಿಯಿಂದೀಚೆಗೆ ಒಂದೊಂದಾಗಿ ನಿಂತುಹೋಗಿತ್ತು. ಬೇಸಿಗೆ ಹತ್ತಿರ ಬರುತ್ತಿತ್ತು. ಡಾಕ್ಟರಮ್ಮ ಹೇಳಿದ ವರ್ಷ ಮುಗಿಯುತ್ತಿತ್ತು.

ದೀಪಾವಳಿಯ ಮಾರನೆಯ ವಾರವೇ ಅವನು 'ಮುನ್ನೋಟ' ಎಂಬ ಹೊಸ ಎಡಿಟಿಂಗ್ ಸಾಫ್ಟ್‌ವೇರಿನ ಮುಂದೆ ಕೂತಿದ್ದ. ಇವೆರಡನ್ನೂ ಅವನು ಎಂದೂ ಕೂಡಿಸಿ ನೋಡಿರಲಿಲ್ಲ.

ಎಡಿಟರ್‌ಗಳಿಗೆ ಸಾಫ್ಟ್‌ವೇರ್ ಬದಲಿಸುವುದೆಂದರೆ ಅರ್ಧ ಉತ್ತ ಹೊಲದಲ್ಲಿ ಎತ್ತು ಬದಲಿಸಿದಂತೆ. ಹೊಸ ಎತ್ತು ಬಲವಾಗಿರಬಹುದು. ಆದರೆ ಹಳೆಯದಕ್ಕೆ ಸಾಲಿನ ಕೊನೆ ಗೊತ್ತು. ಗುರುಮಲ್ಲಪ್ಪನ ಬಳಿ ಇದ್ದ ಹಳೆಯ ಸಾಫ್ಟ್‌ವೇರಿಗೆ ಸ್ಟುಡಿಯೋದವರೆಲ್ಲ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ನಿಧಾನ, ಚೆಂದವೂ ಇಲ್ಲ. ಆದರೆ ಯಾವ ಗುಂಡಿ ಎಲ್ಲಿದೆ ಎಂಬುದು ಬೆರಳಿಗೇ ಗೊತ್ತಿತ್ತು, ತಲೆಯನ್ನು ಕೇಳಬೇಕಿರಲಿಲ್ಲ. ಎಷ್ಟೋ ವರ್ಷದ ಹಿಂದಿನ ಸಿನಿಮಾ ತೆಗೆದರೂ ಇಟ್ಟದ್ದು ಇಟ್ಟ ಜಾಗದಲ್ಲೇ ಸಿಗುತ್ತಿತ್ತು. ಪಕ್ಕದ ಕೋಣೆಯ ಸೌಂಡಿನವರು, ಮೇಲಿನ ಮಹಡಿಯ ಬಣ್ಣ ತಿದ್ದುವವರು, ಎಲ್ಲರೂ ಅಜ್ಜಿಯ ಭಾಷೆಯನ್ನೇ ಆಡುತ್ತಿದ್ದರು. ಹೊಸದನ್ನು ಮಾರಲು ಬಂದವರನ್ನು ಟೀ ಕುಡಿಸಿ ಕಳಿಸುವುದೇ ಅಲ್ಲಿಯ ರೂಢಿಯಾಗಿತ್ತು.

ಮುನ್ನೋಟದವರು ಬಂದಾಗ ಮಾತ್ರ ಅವನು ಕಳಿಸಲಿಲ್ಲ. ಅದರ ಪರದೆಯ ನೆತ್ತಿಯಲ್ಲಿ ಸಾಸಿವೆಕಾಳಿನಷ್ಟು ಒಂದು ಕಣ್ಣಿತ್ತು. ಅದು ಸಿನಿಮಾವನ್ನು ನೋಡುವುದಿಲ್ಲ, ಎಡಿಟರನ ರೆಪ್ಪೆಯನ್ನು ನೋಡುತ್ತದೆ. ಎಲ್ಲಿ ಕತ್ತರಿಸಬೇಕೆಂದು ಅವನಿಗೆ ತೋಚುವ ಒಂದು ಕ್ಷಣ ಮೊದಲೇ ಚಿತ್ರದ ಪಟ್ಟಿಯ ಮೇಲೆ ಒಂದು ಹಳದಿ ಗೆರೆ ಮೂಡುತ್ತದೆ. ಹೌದು ಎಂದರೆ ಒಂದು ಗುಂಡಿ ಒತ್ತಿದರಾಯಿತು. ರಾತ್ರಿ ಹತ್ತಕ್ಕೆ ಮುಗಿಯುತ್ತಿದ್ದ ಕೆಲಸ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದೆ ಎಂದಿದ್ದರು. ಗುರುಮಲ್ಲಪ್ಪನಿಗೆ ಬೇಕಿದ್ದದ್ದು ಅದೊಂದೇ. ಹೆಂಡತಿಯ ಎದುರು ಕೂತು ಕಾಯಲು ಸಂಜೆಗಳು ಬೇಕಿದ್ದವು.

ಸಂಜೆಗಳು ಸಿಕ್ಕವು.

ಅವನು ಸ್ಟುಡಿಯೋ ಸೇರಿದಾಗ ಮುನ್ನೋಟದ ಕಂಪನಿಯ ಹುಡುಗಿ, ಗಿರಿಜಾ ಅಂಗಡಿ ಎಂಬವಳು, ಮೊದಲೇ ಬಂದು ಯಂತ್ರದ ಮುಂದೆ ಕೂತಿದ್ದಳು. ಹುಬ್ಬಳ್ಳಿಯವಳು. ತಿಂಗಳಿಗೊಮ್ಮೆ ಬಂದು ಮುನ್ನೋಟ ಹೇಗೆ ಕಲಿಯುತ್ತಿದೆ ಎಂದು ನೋಡಿಕೊಂಡು ಹೋಗುತ್ತಿದ್ದಳು.

"ಬರ್ರಿ ಸರ್. ಇವತ್ತ ನಿಮಗೊಂದು ಶಭಾಶ್ ಹೇಳಬೇಕು. ಇಡೀ ಬೆಂಗಳೂರಾಗ ನೀವೂ ನಮ್ಮ ಮುನ್ನೋಟಾನೂ ಕೂಡಿದಂಗ ಯಾರೂ ಕೂಡಿಲ್ರಿ."

"ಹಂಗಂದ್ರೇನಮ್ಮ?"

"ಮದಲ ನೀವು ಅರ್ಧಕ್ಕರ್ಧ ಗೆರಿ ಬ್ಯಾಡ ಅಂತಿದ್ರಿ. ಈಗ ಬ್ಯಾಡ ಅನ್ನೂದಽ ಬಿಟ್ಟೀರಿ ನೋಡ್ರಿ. ಅದು ತೋರಸ್ತದ, ನೀವು ಹೂಂ ಅಂತೀರಿ. ಮದಲ ಒಂದೊಂದ ಶಾಟಿಗೂ ಎಷ್ಟೊತ್ತು ಸುಮ್ಮ ಕೂಡ್ತಿದ್ರಿ. ಈಗ ಕೂಡೂದಽ ಇಲ್ಲ."

"ಅದಕ್ಕೆ ನನ್ನ ರೆಪ್ಪೆ ಯಾಕೆ ಬೇಕು?"

"ಮನಷ್ಯಾ ಒಂದು ವಿಚಾರ ಮುಗಿದ ಕೂಡ್ಲೆ ರೆಪ್ಪಿ ಬಡೀತಾನ್ರಿ. ಪುಸ್ತಕದಾಗ ಪೂರ್ಣವಿರಾಮ ಹಾಕ್ತೀವಲ್ಲ, ಹಂಗ. ನಿಮ್ಮ ವಿಚಾರ ಎಲ್ಲಿ ಮುಗೀತದ ಅನ್ನೂದು ನಿಮಗಿಂತ ಮದಲ ಅದಕ್ಕ ಗೊತ್ತಾಗ್ತದ."

ಗುರುಮಲ್ಲಪ್ಪ ಕುರ್ಚಿಯಲ್ಲಿ ಕೂತ. ಶಭಾಶ್ ಅನ್ನಿಸಿಕೊಂಡವನಿಗೆ ಸಂತೋಷವಾಗಬೇಕಿತ್ತು. ಬೇಡ ಅನ್ನುವುದನ್ನು ನಾನು ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ ಎಂದು ನೆನೆಸಿಕೊಳ್ಳಲು ನೋಡಿದ. ಮೊದಮೊದಲು ಬೇಡ ಎಂದಾಗ ಯಂತ್ರ ಮುನಿಸಿಕೊಳ್ಳುತ್ತಿರಲಿಲ್ಲ. ತಕ್ಷಣ ಇನ್ನೊಂದು ಗೆರೆ ತೋರಿಸುತ್ತಿತ್ತು. ಅದೂ ಬೇಡವೆಂದರೆ ಮತ್ತೊಂದು. ತನ್ನದು ಯಾವುದು ಎಂದು ಒಳಗೆ ಹುಡುಕುವಷ್ಟರಲ್ಲಿ ಅದು ಇನ್ನೊಂದನ್ನು ಮುಂದೆ ಹಿಡಿದಿರುತ್ತಿತ್ತು. ಅದರ ವೇಗಕ್ಕೆ ಸಮನಾಗಿ ಬೇಡ ಎನ್ನುತ್ತ ಹೋಗುವುದು ದಣಿವು. ಹತ್ತಿರ ಹತ್ತಿರ ಸರಿಯಿದ್ದರೆ ಹೂಂ ಎನ್ನುವುದು ಸುಲಭವಾಗಿತ್ತು.

ಬೆಳಿಗ್ಗೆ ಹೆಂಡತಿ ತಲೆಯಾಡಿಸಿದ್ದು ಅವನ ಕಣ್ಣ ಮುಂದೆ ಬಂತು.

"ಒಂದ್ನಿಮಿಷ ಬತ್ತೀನಮ್ಮ" ಎಂದು ಎದ್ದ.

ಎದುರಿನ ಕೋಣೆಯಲ್ಲಿ ವಿನ್ಸೆಂಟ್ ಇದ್ದ. ಮಂಗಳೂರಿನವನು, ಗುರುಮಲ್ಲಪ್ಪನ ಜೊತೆಯಲ್ಲೇ ಕಸುಬು ಕಲಿತವನು. ಇಡೀ ಕಟ್ಟಡದಲ್ಲಿ ಅಜ್ಜಿಯನ್ನು ಬಿಡದವನು ಅವನೊಬ್ಬನೇ. ಅದಕ್ಕಾಗಿ ದೊಡ್ಡ ಸಿನಿಮಾಗಳು ಅವನನ್ನು ಬಿಟ್ಟಿದ್ದವು. ಮದುವೆ ವಿಡಿಯೋ, ಕಾಲೇಜು ವಾರ್ಷಿಕೋತ್ಸವ ಕತ್ತರಿಸಿಕೊಂಡು ಇದ್ದ.

"ಎಂತದು ಮಾರಾಯ, ಬೆಳಿಗ್ಗೆಯೇ ಭೂತ ಕಂಡವರ ಹಾಗೆ ಇದ್ದೀಯಲ್ಲ?"

"ವಿನ್ಸಿ, ಮುನ್ನೋಟ ಹೇಳಿದ ಕಟ್ ನಂದೇ ಕಟ್ ಹೌದೋ ಅಲ್ವೋ ಅಂತ ತಿಳಿಯೋದು ಹೆಂಗೆ?"

"ಚಿಟಿಕೆ ಹೊಡೆದು ನೋಡು. ಗುರುಗಳು ಕಲಿಸಿದ್ದು ಮರೆತುಹೋಯ್ತಾ?"

ಅದು ಅವರ ಗುರುಪರಂಪರೆಯ ಪರೀಕ್ಷೆ. ಕೈಯನ್ನು ಯಂತ್ರದಿಂದ ತೆಗೆದು, ಧ್ವನಿ ನಿಲ್ಲಿಸಿ, ಶಾಟನ್ನು ಬರೀ ನೋಡುವುದು. ಎಲ್ಲಿ ಸಾಕು ಅನ್ನಿಸಿತೋ ಅಲ್ಲಿ ಚಿಟಿಕೆ ಹೊಡೆಯುವುದು. ಮತ್ತೆ ಮತ್ತೆ ನೋಡಿದಾಗಲೂ ಚಿಟಿಕೆ ಅದೇ ಫ್ರೇಮಿನಲ್ಲಿ ಬಿದ್ದರೆ ಆ ಕಟ್ ಸತ್ಯ.

"ಮಾಡಿದೀನಿ ಕಣೋ, ತುಂಬ ಸಲ. ಪ್ರತಿಸಲವೂ ನನ್ನ ಚಿಟಿಕೆ ಅದರ ಗೆರೆ ಮೇಲೇ ಬೀಳ್ತದೆ. ಅದಕ್ಕೇ ನಂಬಿದ್ದು."

ವಿನ್ಸೆಂಟ್ ಕನ್ನಡಕ ತೆಗೆದು ಒರೆಸಿದ. "ಚಿಟಿಕೆ ಹೊಡೆದದ್ದು ಗೆರೆ ನೋಡುವ ಮೊದಲಾ, ನೋಡಿದ ಮೇಲಾ?"

ಗುರುಮಲ್ಲಪ್ಪನಿಗೆ ಉತ್ತರ ಗೊತ್ತಿತ್ತು. "ಮೇಲೆ."

"ಹಾಗಾದರೆ ಅದು ನಿನ್ನ ಚಿಟಿಕೆ ಹೇಗಾಯ್ತು? ಉತ್ತರ ಓದಿ ಲೆಕ್ಕ ಮಾಡಿದ ಹಾಗಾಯ್ತಲ್ಲ." ವಿನ್ಸೆಂಟ್ ಕನ್ನಡಕ ಹಾಕಿಕೊಂಡು ದನಿ ತಗ್ಗಿಸಿದ. "ಹೇಳಬಾರದು ಅಂತ ಇದ್ದೆ. ಮೇಲಿನ ಮಹಡಿಯಲ್ಲಿ ಮುನ್ನೋಟಕ್ಕೆ ಕೂತ ಹನುಮೇಶನ ಹೆಂಡತಿ ನನ್ನ ಹೆಂಡತಿ ಹತ್ತಿರ ಅತ್ತಳಂತೆ. ಅವನು ಈಗ ಮನೆಯಲ್ಲಿ ಯಾರ ಮಾತೂ ಪೂರ್ತಿ ಕೇಳುವುದಿಲ್ಲವಂತೆ. ಮಗ ಶಾಲೆಯ ಸುದ್ದಿ ಹೇಳಲು ಶುರು ಮಾಡಿದರೆ ಇವನೇ ಮುಗಿಸಿಬಿಡ್ತಾನಂತೆ. ಬೈಯುವುದಿಲ್ಲ ಪಾಪ, ನಗುನಗುತ್ತಲೇ. ಸರಿಯಾಗಿಯೇ ಮುಗಿಸ್ತಾನೆ ಬೇರೆ. ಹುಡುಗ ಈಗ ಏನೂ ಹೇಳುವುದಿಲ್ಲ."

ಗುರುಮಲ್ಲಪ್ಪ ತನ್ನ ಕೋಣೆಯ ಬಾಗಿಲ ಕಡೆ ನೋಡಿದ.

"ದಾಕ್ಷಾಯಿಣಿ ಅಕ್ಕ ಹೇಗಿದ್ದಾರೆ?" ಎಂದು ವಿನ್ಸೆಂಟ್ ಕೇಳಿದ. ಕೇಳಿದ ಮೇಲೆ ಸ್ನೇಹಿತನ ಮುಖ ನೋಡಿ, ಕೇಳಬಾರದಿತ್ತು ಎಂಬಂತೆ ತನ್ನ ಪರದೆಯ ಕಡೆ ತಿರುಗಿದ.

ತನ್ನ ಕೋಣೆಗೆ ಮರಳಿ ಗುರುಮಲ್ಲಪ್ಪ ಗಿರಿಜಾಳಿಗೆ ಹೇಳಿದ: "ಇದರ ಕಣ್ಣು ಮುಚ್ಚು. ಗೆರೆನೂ ಬೇಡ. ನಾನು ಇನ್ನೂ ನೋಡದ ಒಂದು ಶಾಟ್ ಹಾಕು."

"ಯಾಕ್ರಿ ಸರ್, ಏನರ ತಪ್ಪಾತೇನು?"

"ಗೊತ್ತಿಲ್ಲಮ್ಮ. ಅದನ್ನೇ ನೋಡ್ಬೇಕು."

ಅವಳು ಆ ಪುಟ್ಟ ಕಣ್ಣಿನ ಮೇಲೆ ತನ್ನ ಹಣೆಯ ಬಿಂದಿಯನ್ನೇ ತೆಗೆದು ಅಂಟಿಸಿದಳು. ಗೆರೆಯನ್ನೂ ನಿಲ್ಲಿಸಿದಳು. ಅವತ್ತಿಗೆ ಕತ್ತರಿಸಬೇಕಿದ್ದ ದೃಶ್ಯದ ಮೊದಲ ಶಾಟ್ ಪರದೆಗೆ ಬಂತು. ಪೊಲೀಸ್ ಠಾಣೆಯ ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದಾಳೆ. ಒಳಗೆ ಬೆಂಚಿನ ಮೇಲೆ ಕೂತವನು ನಿನ್ನ ಮಗನೇನಮ್ಮ ಎಂದು ಪೊಲೀಸರು ಕೇಳಿದ್ದಾರೆ. ಅವಳು ಉತ್ತರ ಕೊಡಬೇಕು. ಅಷ್ಟೇ ಶಾಟ್.

ಗುರುಮಲ್ಲಪ್ಪ ಕೈಯನ್ನು ಮೇಜಿನಿಂದ ತೆಗೆದ. ಹೆಬ್ಬೆರಳು, ನಡುಬೆರಳು ಸೇರಿಸಿ ಹಿಡಿದ. ತಾಯಿ ನೋಡಿದಳು. ಅವಳ ಗಂಟಲು ಅಲುಗಿತು. ಕಣ್ಣು ಬಾಗಿಲ ಚೌಕಟ್ಟಿನ ಮೇಲೆ ಹೋಗಿ ಮರಳಿ ಬಂತು. ಅವನು ಅವಳ ಮುಖ ಬಿಟ್ಟು ಪರದೆಯ ಕೆಳಗಿನ ಪಟ್ಟಿಯನ್ನು ನೋಡುತ್ತಿರುವುದು ಅವನಿಗೇ ತಿಳಿಯಿತು. ಅಲ್ಲಿ ಗೆರೆ ಇರಲಿಲ್ಲ. ಕಣ್ಣನ್ನು ಎಳೆದು ಮುಖಕ್ಕೆ ತಂದ. ಅದು ಮತ್ತೆ ಕೆಳಗೆ ಜಾರಿತು. ತಾಯಿ ತಲೆ ತಗ್ಗಿಸಿದಳು. ಶಾಟ್ ಮುಗಿದು ಪರದೆ ಕಪ್ಪಾಯಿತು. ಬೆರಳುಗಳು ಹಿಡಿದಲ್ಲೇ ಇದ್ದವು.

"ಮತ್ತೊಮ್ಮೆ ಹಾಕು."

ಮತ್ತೊಮ್ಮೆ ಬಂತು, ಹೋಯಿತು. ಇನ್ನೊಮ್ಮೆ ಹಾಕಿದಾಗ ಎಲ್ಲೋ ಒಂದು ಕಡೆ ಚಿಟಿಕೆ ಬಿತ್ತು. ಅದು ಅವಸರದ ಚಿಟಿಕೆ, ಆ ತಾಯಿಯ ಮುಖಕ್ಕೆ ಸಂಬಂಧವೇ ಇರದದ್ದು. ಅವಳು ಇನ್ನೂ ಒಳಗೆ ನೋಡಿಯೇ ಇರಲಿಲ್ಲ.

ಗಿರಿಜಾ ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮುಖದ ಉತ್ಸಾಹ ಎಲ್ಲೋ ಹೋಗಿತ್ತು. "ಹೊಸಾದಾಗಿ ಬಿಟ್ರ ಹಂಗಾಗ್ತದ್ರಿ ಸರ್. ಚಹಾ ಬಿಟ್ಟಂಗ. ಆಮ್ಯಾಲೆ ಬರ್ತದ."

"ಬತ್ತದಾ? ನಿಮ್ಮೋರು ಯಾರಾದ್ರೂ ಬಿಟ್ಟು ನೋಡವ್ರಾ?"

ಅವಳು ಸುಳ್ಳು ಹೇಳಬಹುದಿತ್ತು. "ಇಲ್ರಿ" ಎಂದಳು. "ಬಿಟ್ಟವ್ರು ಯಾರೂ ಇಲ್ಲ."

ಹೊರಗೆ ಮಂಜು ಕರಗಿ ಬಿಸಿಲು ಬಂದಿತ್ತು. ಗುರುಮಲ್ಲಪ್ಪ ಕರಿ ಪರದೆಯಲ್ಲಿ ತನ್ನದೇ ಮುಖ ನೋಡುತ್ತ ಬಹಳ ಹೊತ್ತು ಕೂತ. ಎಷ್ಟು ಸಂಜೆ ಅವನು ದಾಕ್ಷಾಯಿಣಿಯ ಎದುರು ಕೂತಿದ್ದ! ಅವಳು ಬಾಯಿ ತೆರೆಯುವುದೇ ತಡ, ನೀರಾ, ಫ್ಯಾನ್ ಹಾಕ್ಲಾ, ಮಗಳಿಗೆ ಫೋನ್ ಮಾಡ್ಲಾ ಎಂದು ಮುಂದೆ ಹಿಡಿಯುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಸರಿಯಾಗಿ ಊಹಿಸಿದೆ ಎಂದು ಅವನಿಗೆ ಹೆಮ್ಮೆಯೂ ಆಗುತ್ತಿತ್ತು. ಅವಳ ಎಷ್ಟು ಮಾತು ಹಾಗೆ ನೀರಾಗಿ, ಫ್ಯಾನಾಗಿ ಹೋಯಿತೋ ಶಿವನೇ ಬಲ್ಲ.

"ಗಿರಿಜಮ್ಮ, ಈ ಶಾಟ್ ನಾಳೆ ವಿನ್ಸೆಂಟ್ ಕೋಣೇಲಿ ಅಜ್ಜಿ ಮುಂದೆ ಕೂತ್ಕೊಂಡು ಮಾಡ್ತೀನಿ."

"ಪ್ರೊಡ್ಯೂಸರ್ ಬಿಡ್ತಾರೇನ್ರಿ? ಹೊಸಾ ಯಂತ್ರದಾಗಽ ಮುಗೀಬೇಕು ಅಂತ ಮಾತಾಗೇದ. ರಿಲೀಸಿಗೆ ತಡಾ ಆತಂದ್ರ ನಿಮ್ಮನ್ನಽ ತಗದು ಬ್ಯಾರೆಯವ್ರನ್ನ ಕೂಡಸ್ತಾರ್ರಿ."

"ಕೂಡ್ಸಲಿ."

ಅವಳು ಬಿಂದಿಯನ್ನು ಯಂತ್ರದ ಕಣ್ಣಿನ ಮೇಲೆಯೇ ಬಿಟ್ಟು ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು, "ನಮ್ಮವ್ವನೂ ಹಂಗಽ ಅಂತಾಳ್ರಿ, ಫೋನಿನಾಗ ನಾ ಅಕಿನ ಮಾತು ಮುಗಸೂದು ಬಿಡೂದಿಲ್ಲಂತ" ಎಂದಳು. ಯಾರಿಗೆ ಹೇಳಿದಳೋ.

ಗುರುಮಲ್ಲಪ್ಪ ಮನೆ ತಲುಪಿದಾಗ ಇನ್ನೂ ಇಳಿಹೊತ್ತು. ಬರುವ ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದೇ ಭಯ. ಒಂದು ಮುಖದ ಮುಂದೆ ಕಾಯಲು ಆಗದವನು ಇನ್ನೊಂದರ ಮುಂದೆ ಕಾದಾನೇ? ತನ್ನ ಕಾಯುವ ಶಕ್ತಿ ತಡವಾಗಿ ಬಂದರೂ ಬಂದೀತು; ಅವಳಿಗೆ ತಡಮಾಡಲು ಸಮಯವಿರಲಿಲ್ಲ.

ಕೈಕಾಲು ತೊಳೆದು, ವಿಭೂತಿ ಧರಿಸಿ ದೇವರ ಗೂಡಿನ ಮುಂದೆ ಕೂತ. ನೀಲಮ್ಮ ದೀಪ ಹಚ್ಚಿ, ತಂಗಿಯನ್ನು ಕೈಹಿಡಿದು ತಂದು ಮಣೆಯ ಮೇಲೆ ಕೂರಿಸಿದಳು. ಗೂಡಿನಲ್ಲಿ ಹುಲಿಯೇರಿದ ಮಾದಪ್ಪನ ಪಟ. ಮಾದಪ್ಪನ ಒಕ್ಕಲಿನ ಮನೆಗಳಲ್ಲಿ ಪೂಜೆ ಮುಗಿಯುವಾಗ ಒಬ್ಬರು ದೇವರ ಹೆಸರು ಹಿಡಿದು ಮತ್ತೆ ಮತ್ತೆ ಕೂಗಬೇಕು, ಉಳಿದವರು ಪ್ರತಿಸಲ ಉಘೇ ಎನ್ನಬೇಕು. ಹೆಸರು ಹಿಡಿಯುವ ಕೂಗು ಆ ಮನೆಯಲ್ಲಿ ದಾಕ್ಷಾಯಿಣಿಯದು. ಮದುವೆಯಾಗಿ ಬಂದ ವರ್ಷ ಅತ್ತೆ ಅದನ್ನು ಅವಳಿಗೆ ಒಪ್ಪಿಸಿದ್ದರು. ಅವಳು ಬಿದ್ದ ಮೇಲೆ ಗುರುಮಲ್ಲಪ್ಪ ಅದನ್ನು ತಾನೇ ಕೂಗತೊಡಗಿದ್ದ. ಯಾರೂ ಬೇಡ ಅಂದಿರಲಿಲ್ಲ. ಪೂಜೆ ನಿಲ್ಲಬಾರದಲ್ಲ.

ಆರತಿ ಎತ್ತಿದ. ಗಂಟೆ ಕೆಳಗಿಟ್ಟ. ಇನ್ನು ಕೂಗಬೇಕು. ಅವನು ಕೂಗಲಿಲ್ಲ.

ದಾಕ್ಷಾಯಿಣಿ ಕಾದಳು. ಆಮೇಲೆ ಅವನ ಕಡೆ ತಿರುಗಿದಳು. ನೀಲಮ್ಮನೂ ನೋಡಿದಳು, ಏನೋ ಹೇಳಲು ಬಾಯಿ ತೆರೆದವಳಿಗೆ ಅವನು ಅಂಗೈ ತೋರಿಸಿದ. ಕೈ ಮುಗಿದು, ಹೆಂಡತಿಯ ಮುಖ ನೋಡುತ್ತ ಕೂತ.

ಮೌನ ಬೆಳೆಯಿತು. ಅವನ ಬೆರಳು ತುಡಿಯಿತು. ನಾಲಿಗೆಯ ತುದಿಗೆ ಆ ಹೆಸರು ತಾನಾಗಿ ಬಂದು ನಿಂತಿತು; ನುಂಗಿದ. ಅವನ ಕಣ್ಣು ಅವಳ ಮುಖದಿಂದ ಕೆಳಕ್ಕೆ, ಅವಳ ಸೀರೆಯ ಅಂಚಿಗೆ ಜಾರಿತು, ಗೆರೆ ಹುಡುಕಿಕೊಂಡು. ಮತ್ತೆ ಎತ್ತಿ ತಂದ. ಮತ್ತೆ ಜಾರಿತು, ಮತ್ತೆ ತಂದ. ಅವಳಿಗೆ ಬರದಿದ್ದರೆ? ಅವಳು ನಾಚಿ ಎದ್ದುಹೋದರೆ? ಬೀದಿಯಲ್ಲಿ ಯಾರದೋ ಸ್ಕೂಟರ್ ನಿಂತಿತು, ಹೊರಟಿತು. ಕರ್ಪೂರ ಆರಿತು. ಅವಳ ಕಣ್ಣಲ್ಲಿ ಮೊದಲು ಗಾಬರಿಯಿತ್ತು, ಆಮೇಲೆ ಕೋಪ, ಆಮೇಲೆ ಅವನಿಗೆ ಗುರುತಿರದ ಇನ್ನೇನೋ. ಅಷ್ಟೊಂದು ಇತ್ತೇ ಆ ಮುಖದಲ್ಲಿ? ಇದನ್ನೆಲ್ಲ ಅವನು ಎಷ್ಟು ತಿಂಗಳಿಂದ ನೋಡಿರಲಿಲ್ಲ.

ಅವಳ ಗಂಟಲು ಅಲುಗಿತು.

"ಮಾ..."

ಅವನು ಅಲುಗಲಿಲ್ಲ.

"ಮಾ... ಮಾದ..." ನಿಂತಿತು. ಎಡಗೈ ಮಣೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಾದ... ಪ್ಪನ..."

ಇನ್ನೂ ಒಂದು ಪದವಿತ್ತು. ಅದು ಏನೆಂದು ಆ ಮನೆಯ ಗೋಡೆಗಳಿಗೂ ಗೊತ್ತಿತ್ತು. ಗುರುಮಲ್ಲಪ್ಪ ತುಟಿ ಬಿಗಿಹಿಡಿದು ಕೂತ. ದೀಪದ ಬತ್ತಿ ಚಟಪಟಿಸಿ ನೆಟ್ಟಗಾಯಿತು. ಬಹಳ ಹೊತ್ತಾದ ಮೇಲೆ, ದೂರದಿಂದ ನೀರು ಹೊತ್ತು ತಂದವಳ ಉಸಿರಿನಲ್ಲಿ, ದಾಕ್ಷಾಯಿಣಿ ಅದನ್ನು ಕೆಳಗಿಳಿಸಿದಳು.

"ಪಾದಕ್ಕೆ."

"ಉಘೇ" ಎಂದ ಗುರುಮಲ್ಲಪ್ಪ ಮೆಲ್ಲಗೆ. ಅವನ ಪಾಲಿನದು ಅಷ್ಟೇ. ಉಳಿದದ್ದು ಅವಳದು, ಅದನ್ನು ಅವಳ ಮುಂದೆಯೇ ಬಿಟ್ಟು, ಮುಗಿದ ಕೈ ಇಳಿಸದೆ, ಮುಂದಿನ ಕೂಗಿಗೆ ಕಾದು ಕೂತ.